ಆಟದ ನಡುವೆ ಕಂಪ್ಯೂಟರ್ ಆಫ್ ಆದರೆ ಗ್ರಾಫಿಕ್ಸ್ ಕಾರ್ಡ್ ಬಿಟ್ಟುಕೊಡಬೇಡಿ

ಕಲಬುರಗಿಯಲ್ಲಿ ಓದುತ್ತಿರುವ ನನ್ನ ತಮ್ಮನಿಗೆ ಈ ಬೇಸಿಗೆಯಲ್ಲಿ ಆದ ಮೋಸವನ್ನು ವಿವರವಾಗಿ ಬರೆಯುತ್ತಿದ್ದೇನೆ. ಇದೇ ಮಾತು ಹೇಳಿ ಇನ್ನೊಬ್ಬರ ಕಾರ್ಡನ್ನೂ ಲಪಟಾಯಿಸಬಾರದು.

ಅವನ ಕಂಪ್ಯೂಟರಿನಲ್ಲಿರುವುದು ರೈಜನ್ 5 5600 ಪ್ರೊಸೆಸರ್, ಆಟದ ಚಿತ್ರಗಳನ್ನು ಪರದೆಗೆ ತರುವ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಸಿನಿಮಾ ನೋಡಿದರೆ, ಪ್ರಾಜೆಕ್ಟ್ ಬರೆದರೆ ಏನೂ ತೊಂದರೆಯಿಲ್ಲ. ದೊಡ್ಡ ಆಟ ಶುರು ಮಾಡಿದರೆ ಮಾತ್ರ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗಿ, ಫ್ಯಾನ್ ಸಮೇತ ಎಲ್ಲವೂ ಒಮ್ಮೆಲೇ ನಿಂತುಬಿಡುತ್ತಿತ್ತು. ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಗೇ ಒಯ್ದ. ಅಲ್ಲಿಯವರು ವಿಂಡೋಸ್ ತನ್ನ ಆಗುಹೋಗುಗಳನ್ನು ದಾಖಲಿಸಿ ತೋರಿಸುವ ಇವೆಂಟ್ ವ್ಯೂವರ್ ತೆರೆದು ‘ಕರ್ನಲ್-ಪವರ್ 41’ ಎಂಬ ಸಾಲನ್ನು ತೋರಿಸಿ, “ಬಿಸಿಲಿಗೆ ಕಾರ್ಡ್ ಸುಟ್ಟಿದೆ ತಮ್ಮಾ” ಎಂದರು. ಅದನ್ನು ಗುಜರಿ ಬೆಲೆಗೆ ಇಟ್ಟುಕೊಂಡು, ಅದೇ ಮಾದರಿಯ ಬಳಸಿದ ಕಾರ್ಡೊಂದನ್ನು ‘ರಿಫರ್ಬಿಷ್ಡ್’ (ದುರಸ್ತಿ ಮಾಡಿ ಸರಿಪಡಿಸಿದ್ದು) ಎಂದು ಹೇಳಿ ಮಾರಿದರು.

ಆ 41ರ ಸಾಲು ಕಾರ್ಡ್ ಸುಟ್ಟಿದೆ ಎಂಬುದಕ್ಕೆ ಸಾಕ್ಷಿಯೇ ಅಲ್ಲ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂದಷ್ಟೇ ಅದು ಹೇಳುತ್ತದೆ. ಮನೆಯಲ್ಲಿ ಕರೆಂಟ್ ಹೋದರೂ ಅದೇ ಸಾಲು ಬರುತ್ತದೆ.

ಹೊಸದಾಗಿ ಕೊಂಡ ಕಾರ್ಡಿನಲ್ಲೂ ಅದೇ ಕಥೆ. ನಾನು ಹೋಗಿ ಮೊದಲು ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ, ತಾಪಮಾನವನ್ನು ಫೈಲಿಗೆ ದಾಖಲಿಸುವಂತೆ ಮಾಡಿದೆ. ಆಫ್ ಆಗುವ ಮುನ್ನ ಪ್ರೊಸೆಸರ್ 71 ಡಿಗ್ರಿ, ಕಾರ್ಡ್ 74 ಡಿಗ್ರಿ ಇತ್ತು. ಈ ಪ್ರೊಸೆಸರ್‌ನ ಮಿತಿ 90, ಕಾರ್ಡಿನದು 93. ನಿಜಕ್ಕೂ ಬಿಸಿಯೇ ಕಾರಣವಾಗಿದ್ದರೆ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸುತ್ತದೆ, ಆಟ ತಡವರಿಸತೊಡಗುತ್ತದೆ, ಅದಕ್ಕೂ ಬಗ್ಗದಿದ್ದರೆ ಕೊನೆಗೆ ಯಂತ್ರ ನಿಲ್ಲುತ್ತದೆ. ಸರಾಗವಾಗಿ ಓಡುತ್ತಿದ್ದುದು ಹೀಗೆ ಫಕ್ಕನೆ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಎಸ್‌ಎಂಪಿಎಸ್ ಅನ್ನು, ಅಂದರೆ ಮನೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದಂತೆ ಬದಲಿಸಿ ಕೊಡುವ ಡಬ್ಬವನ್ನು.

ಕ್ಯಾಬಿನೆಟ್ ಬಿಚ್ಚಿ ಎಸ್‌ಎಂಪಿಎಸ್‌ನ ಚೀಟಿಯನ್ನು ಟಾರ್ಚ್ ಹಿಡಿದು ಓದಿದೆ. ದಪ್ಪ ಅಕ್ಷರದಲ್ಲಿ ‘500 ವ್ಯಾಟ್’. ಕೆಳಗಿನ ಪುಟ್ಟ ಕೋಷ್ಟಕದಲ್ಲಿ 12 ವೋಲ್ಟ್ ಸಾಲಿನ ಮುಂದೆ ಬರೀ 18 ಆಂಪಿಯರ್. ಗುಣಿಸಿದರೆ 216 ವ್ಯಾಟ್. 3060 ಕಾರ್ಡ್ ಒಂದೇ 170 ವ್ಯಾಟ್ ಎಳೆಯುತ್ತದೆ, ಪ್ರೊಸೆಸರ್ 76ರವರೆಗೆ ಹೋಗುತ್ತದೆ. ಇವೆರಡೂ 12 ವೋಲ್ಟ್ ಸಾಲಿನಿಂದಲೇ ಶಕ್ತಿ ಪಡೆಯುವುದು. ಫ್ಯಾನು, ಡಿಸ್ಕುಗಳನ್ನು ಸೇರಿಸುವ ಮೊದಲೇ ಲೆಕ್ಕ ತಪ್ಪಿತ್ತು. ಈ ಡಬ್ಬವನ್ನು ಹಾಕಿಕೊಟ್ಟದ್ದೂ ಅದೇ ಅಂಗಡಿ! ಮಕ್ಕಳು ಕೂಡಿಟ್ಟ ಹಣವೆಂದು ಗೊತ್ತಿದ್ದೂ ಹೀಗೆ ಮಾಡುವುದನ್ನು ನಾನು ಕ್ಷಮಿಸಲಾರೆ. 550 ವ್ಯಾಟ್‌ನ, 12 ವೋಲ್ಟ್‌ನಲ್ಲಿ 45 ಆಂಪಿಯರ್ ಕೊಡುವ ಒಳ್ಳೆಯ ಎಸ್‌ಎಂಪಿಎಸ್ ಹಾಕಿದ ಮೇಲೆ ಯಂತ್ರ ಆಟದ ನಡುವೆ ನಿಂತಿಲ್ಲ.

ನಿಮ್ಮಲ್ಲಿ ತಾಪಮಾನವೇ ಏರುತ್ತಿದ್ದರೆ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಆಡಿ ನೋಡಿ. ಗಣನೀಯವಾಗಿ ಇಳಿದರೆ ಗಾಳಿಯಾಡುತ್ತಿಲ್ಲ ಎಂದರ್ಥ, ಹೊಸ ಬಿಡಿಭಾಗ ಬೇಕಿಲ್ಲ. ಇಳಿಯದಿದ್ದರೆ ಪ್ರೊಸೆಸರ್ ತಂಪಾಗಿಸುವ ಕೂಲರ್ ಸಡಿಲವಾಗಿದೆಯೇ, ಅವೆರಡರ ನಡುವೆ ಶಾಖ ದಾಟಿಸಲು ಹಚ್ಚುವ ಪೇಸ್ಟ್ ಒಣಗಿದೆಯೇ, ಧೂಳು ಕಟ್ಟಿದೆಯೇ ನೋಡಬೇಕು. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ರಿಪೇರಿಗೆ ಕೊಡುವ ಮುನ್ನ ಕಾರ್ಡಿನ ಸೀರಿಯಲ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ‘ಸುಟ್ಟಿದೆ’ ಎಂದರೆ ಬೇರೆ ಎಸ್‌ಎಂಪಿಎಸ್ ಹಾಕಿ ನಿಮ್ಮೆದುರೇ ಪರೀಕ್ಷಿಸಲು ಹೇಳಿ. ಒಪ್ಪದಿದ್ದರೆ ಕಾರ್ಡ್ ವಾಪಸ್ ಪಡೆದು ಹೊರಡಿ. ತಮ್ಮನ ಹಳೆಯ ಕಾರ್ಡ್ ಕೇಳಿದರೆ “ಗುಜರಿಗೆ ಹೋಯಿತು” ಎನ್ನುತ್ತಿದ್ದಾರೆ. ಮೊದಲ ಬಿಲ್‌ನಲ್ಲಿ ಅದರ ಸೀರಿಯಲ್ ನಂಬರ್ ಇದ್ದುದರಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇವೆ.