ನಾಟಿ ಕೋಳಿ ಸಾರಿಗೆ ಶಿರಾಜ್ ಒಳ್ಳೆಯದೋ, ಶೆನಿನ್ ಬ್ಲಾಂಕ್ ಒಳ್ಳೆಯದೋ?

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಭಾನುವಾರವೆಂದರೆ ರಾಗಿ ಮುದ್ದೆ, ನಾಟಿ ಕೋಳಿ ಸಾರು. ಅದರ ಜೊತೆಗೆ ಒಂದೇ ಬಾಟಲಿ ವೈನ್ ಕೊಳ್ಳುವುದಾದರೆ ಯಾವುದು?

ಮಾಂಸಕ್ಕೆ ಕೆಂಪು ವೈನ್ ಎಂಬ ಮಾತನ್ನು ನಂಬಿ ಹಲವರು ಶಿರಾಜ್ ತರುತ್ತಾರೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ ಎಂಬ ಒಗರಿನ ಅಂಶ ಅದರಲ್ಲಿ ಹೆಚ್ಚು. ಎಳೆಯ ಬಾಳೆಕಾಯಿ ಕಚ್ಚಿದಂತೆ ನಾಲಿಗೆ ಒಗರಾಗುತ್ತದೆ. ಗುಂಟೂರು ಮೆಣಸಿನಕಾಯಿ ಅರೆದ ಸಾರಿನ ಮೇಲೆ ಆ ಒಗರೂ ಶೇ 13ರ ಆಸುಪಾಸಿನ ಆಲ್ಕೋಹಾಲೂ ಸೇರಿದರೆ ಖಾರ ಇನ್ನಷ್ಟು ಉರಿಯುತ್ತದೆ.

ಬಿಳಿಯ ಶೆನಿನ್ ಬ್ಲಾಂಕ್ ಹಾಗಲ್ಲ. ತುಸು ಸಿಹಿ ಉಳಿದಿರುವುದನ್ನೇ ಆರಿಸಿ, 8–10 ಡಿಗ್ರಿಗೆ ತಣಿಸಿ. ಸಿಹಿಯೂ ತಂಪೂ ಖಾರವನ್ನು ತಗ್ಗಿಸುತ್ತವೆ, ವೈನಿನ ಹುಳಿಯು ಬಾಯಿಯ ಜಿಡ್ಡನ್ನು ತೊಳೆಯುತ್ತದೆ. ಹೀಗೆ ಕುಡಿದಾಗಲೇ ಸಾರಿನೊಳಗಿನ ಕೊತ್ತಂಬರಿ ಬೀಜದ ಪರಿಮಳ ನನಗೆ ಬಿಡಿಯಾಗಿ ಸಿಕ್ಕಿದ್ದು. ನನ್ನ ಆಯ್ಕೆ ಇದೇ.

ಕೆಂಡದ ಮೇಲೆ ಸುಟ್ಟ, ಕರಿಮೆಣಸು ಹಚ್ಚಿದ ಕುರಿ ಮಾಂಸವಿದ್ದರೆ ಮಾತ್ರ ಶಿರಾಜ್ ತನ್ನಿ. ಮಾಂಸದ ಪ್ರೋಟೀನ್ ಮತ್ತು ಕೊಬ್ಬು ಆ ಒಗರನ್ನು ಮೆತ್ತಗಾಗಿಸುತ್ತವೆ.

ನಮ್ಮ ಕಡೆಯ ತೋಟಗಳ ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನ್ ನನಗೂ ಅಚ್ಚುಮೆಚ್ಚು. ಅದು ಊಟದ ಜೊತೆಗೆ ಬೇಡ. ಕೈ ತೊಳೆದ ಮೇಲೆ, ಹುರಿದ ಕಡಲೆಕಾಯಿ ಬೀಜದೊಂದಿಗೆ ಸಣ್ಣ ಲೋಟದಲ್ಲಿ ಸಾಕು.