ಹಳೆಯ ಲ್ಯಾಪ್‌ಟಾಪ್, ಕನ್ನಡದ ಕರಡು ತಿದ್ದುವ ಕೆಲಸ: ಎಕ್ಸ್‌ಎಫ್‌ಸಿಇ ಜೊತೆ ಎರಡು ವರ್ಷ

ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಅದಕ್ಕೆ ಬಳಸುವ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ‍್ಯಾಮ್ ಮಾತ್ರ ಇದೆ. ಡೆಬಿಯನ್ 12 ಎಂಬ ಲಿನಕ್ಸ್‌ನಲ್ಲಿ ಮೊದಲು ಹಾಕಿಕೊಂಡಿದ್ದ ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರ ನೋಡಲು ಚೆಂದವಾಗಿಯೇ ಇತ್ತು. ಆದರೆ ಲಿಬ್ರೆಆಫೀಸ್‌ನಲ್ಲಿ ಮುನ್ನೂರು ಪುಟದ ಕರಡು, ಅದರ ಪಕ್ಕ ಸ್ಕ್ಯಾನ್ ಮಾಡಿದ ಮೂಲಪ್ರತಿ, ಫೈರ್‌ಫಾಕ್ಸ್‌ನಲ್ಲಿ ಒಂದು ನಿಘಂಟು ಇಷ್ಟನ್ನು ತೆರೆದಿಟ್ಟರೆ, ಕೀಲಿ ಒತ್ತಿದ ಮೇಲೆ ಅಕ್ಷರ ಪರದೆಗೆ ಬರುವವರೆಗೆ ಕಾಯಬೇಕಾಗುತ್ತಿತ್ತು. 2023ರ ಕೊನೆಯಲ್ಲಿ ಅದಕ್ಕಿಂತ ಹಗುರವಾದ ಡೆಸ್ಕ್‌ಟಾಪ್ ಪರಿಸರವಾದ ಎಕ್ಸ್‌ಎಫ್‌ಸಿಇ 4.18 ಹಾಕಿಕೊಂಡೆ. ಅಂದಿನಿಂದ ದಿನವೂ ಅದರಲ್ಲೇ ಕೆಲಸ ಮಾಡುತ್ತಿದ್ದೇನೆ.

ಅನುಸ್ಥಾಪನೆಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಗ್ನೋಮ್ ತೆಗೆಯದೆಯೇ ಎಕ್ಸ್‌ಎಫ್‌ಸಿಇಯನ್ನು ಸೇರಿಸಿಕೊಳ್ಳಬಹುದು. ನಡುವೆ ಲಾಗಿನ್ ಪರದೆಗೆ ಜಿಡಿಎಂ ಬೇಕೋ ಲೈಟ್‌ಡಿಎಂ ಬೇಕೋ ಎಂದು ಕೇಳುತ್ತದೆ, ಯಾವುದನ್ನು ಆರಿಸಿದರೂ ನಡೆಯುತ್ತದೆ. ನಿಜವಾದ ತೊಡಕು ಎದುರಾದದ್ದು ಮೊದಲ ಲಾಗಿನ್ ಆದ ಮೇಲೆ: ಕನ್ನಡ ಟೈಪ್ ಆಗಲಿಲ್ಲ. ಗ್ನೋಮ್‌ನಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಐಬಸ್ ಎಂಬ ತಂತ್ರಾಂಶ ತಾನಾಗಿಯೇ ಶುರುವಾಗುತ್ತದೆ, ಇಲ್ಲಿ ಐಎಂ-ಕಾನ್ಫಿಗ್ ಎಂಬ ಸಾಧನದಲ್ಲಿ ಐಬಸ್ ಅನ್ನು ಆರಿಸಿ, ಒಮ್ಮೆ ಲಾಗ್‌ಔಟ್ ಮಾಡಿ ಬರಬೇಕು. ಐಬಸ್‌ಗೆ ಹಲವು ಭಾಷೆಗಳ ಕೀಲಿಮಣೆ ವಿನ್ಯಾಸಗಳನ್ನು ಒದಗಿಸುವ ಎಂ17ಎನ್ ಸೇರಿಸಿದ ಮೇಲೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಅಂದರೆ ನುಡಿ ತಂತ್ರಾಂಶ ಬಳಸಿದವರಿಗೆ ಕೈಗೂಡಿರುವ ಅದೇ ವಿನ್ಯಾಸ, ಪಟ್ಟಿಯಲ್ಲಿ ಸಿಗುತ್ತದೆ. ಎಫ್ ಒತ್ತಿ ಒತ್ತಕ್ಷರ ಮೂಡಿಸುವ ಅಭ್ಯಾಸ ಬೆರಳಿಗೇ ಇರುವುದರಿಂದ ನನಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಒಂದು ಎಚ್ಚರಿಕೆ: ಸೂಪರ್ ಕೀಲಿಯನ್ನು (ವಿಂಡೋಸ್ ಚಿಹ್ನೆಯ ಕೀಲಿ) ತಂತ್ರಾಂಶಗಳ ಪಟ್ಟಿ ತೋರಿಸುವ ವಿಸ್ಕರ್ ಮೆನುವಿಗೆ ಕೊಟ್ಟುಕೊಂಡರೆ, ಭಾಷೆ ಬದಲಿಸಲು ಸೂಪರ್ ಮತ್ತು ಸ್ಪೇಸ್ ಒತ್ತಿದಾಗಲೆಲ್ಲ ಮೆನು ತೆರೆದುಕೊಳ್ಳುತ್ತದೆ. ನಾನು ಭಾಷೆ ಬದಲಿಸುವುದನ್ನು ಕಂಟ್ರೋಲ್ ಮತ್ತು ಸ್ಪೇಸ್‌ಗೆ ವರ್ಗಾಯಿಸಿದೆ.

ನನ್ನನ್ನು ಇಲ್ಲಿ ಉಳಿಸಿದ್ದು ಥುನಾರ್ ಎಂಬ ಕಡತ ನಿರ್ವಾಹಕ. ಸ್ಕ್ಯಾನರ್‌ನಿಂದ ಬರುವ ನೂರಾರು ಪುಟಗಳಿಗೆ ಅರ್ಥವಿಲ್ಲದ ಹೆಸರುಗಳಿರುತ್ತವೆ. ಎಲ್ಲವನ್ನೂ ಆಯ್ದು ಎಫ್2 ಒತ್ತಿದರೆ ಒಟ್ಟಿಗೆ ಹೆಸರು ಬದಲಿಸುವ ಕಿಟಕಿ ತೆರೆದುಕೊಳ್ಳುತ್ತದೆ. ಎಡಗಡೆ ಹಳೆಯ ಹೆಸರು, ಬಲಗಡೆ ಹೊಸದು. ಬದಲಾವಣೆ ಆಗುವ ಮೊದಲೇ ಸಾಲುಸಾಲಾಗಿ ಕಣ್ಣಾಡಿಸಿ, ಎಲ್ಲಿಯಾದರೂ ಪುಟಸಂಖ್ಯೆ ತಪ್ಪಿದೆಯೇ ಎಂದು ನೋಡಿಕೊಳ್ಳಬಹುದು. 4.18ರಲ್ಲಿ ಬಂದ ಎರಡು ಭಾಗದ ನೋಟವೂ, ಕಡತಗಳ ಮೇಲೆ ಮಾಡಿದ್ದನ್ನು ಕಂಟ್ರೋಲ್ ಜೆಡ್ ಒತ್ತಿ ಹಿಂತೆಗೆಯುವ ಸೌಲಭ್ಯವೂ ನನ್ನಂಥವರಿಗಾಗಿಯೇ ಮಾಡಿದಂತಿವೆ. ಲೇಖಕರ ತಿದ್ದುಪಡಿ ಇದ್ದ ಫೋಲ್ಡರ್ ಒಂದನ್ನು ಕೈತಪ್ಪಿ ಬೇರೆಲ್ಲೋ ಎಳೆದು ಬಿಟ್ಟಾಗ ಅದು ನನ್ನ ಒಂದು ಸಂಜೆಯನ್ನು ಉಳಿಸಿತು.

ಪ್ಯಾನೆಲ್‌ನ ಗಡಿಯಾರಕ್ಕೆ ನಮಗೆ ಬೇಕಾದ ಮಾದರಿಯನ್ನು ಬರೆದುಕೊಡಬಹುದು. ದಿನಾಂಕದ ಭಾಷೆಯನ್ನು ಮಾತ್ರ ಕನ್ನಡಕ್ಕೆ ಬದಲಿಸಿ, ಉಳಿದ ಮೆನುಗಳನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿದ್ದೇನೆ. ಪರದೆಯ ಮೂಲೆಯಲ್ಲಿ ‘ಮಂಗಳವಾರ’ ಎಂದು ಕಾಣುವುದು ಸಣ್ಣ ಸಂಗತಿಯೇ ಇರಬಹುದು, ನನಗೆ ಮಾತ್ರ ಅದು ಬಹಳ ಇಷ್ಟ.

ಕೊರತೆಗಳೂ ಇವೆ. ಹಲವು ಥೀಮ್‌ಗಳಲ್ಲಿ ಕಿಟಕಿಯ ಅಂಚು ಎಷ್ಟು ತೆಳುವೆಂದರೆ ಮೌಸ್‌ನಿಂದ ಹಿಡಿದು ಎಳೆಯಲು ಆಗುವುದೇ ಇಲ್ಲ. ಆಲ್ಟ್ ಒತ್ತಿ ಹಿಡಿದು ಬಲಗುಂಡಿಯಿಂದ ಎಳೆಯುವುದನ್ನು ಕಲಿತ ಮೇಲೆ ನಾನು ಅಂಚನ್ನು ಹುಡುಕುವುದನ್ನೇ ಬಿಟ್ಟೆ. ಕನ್ನಡಿಗರಿಗೇ ತಟ್ಟುವ ಇನ್ನೊಂದು ತೊಂದರೆ ಶೀರ್ಷಿಕೆ ಪಟ್ಟಿಯದು. ಅದರ ಎತ್ತರವನ್ನು ಥೀಮ್‌ನ ಚಿತ್ರಗಳು ನಿರ್ಧರಿಸುವುದರಿಂದ ಕೆಳಗಿಳಿಯುವ ಒತ್ತಕ್ಷರಗಳಿಗೆ ಜಾಗ ಸಾಲುವುದಿಲ್ಲ. ‘ರಾಷ್ಟ್ರ’ ಎಂಬ ಹೆಸರಿನ ಕಡತ ತೆರೆದರೆ ಷಕಾರದ ಅಡಿಯಲ್ಲಿರುವುದೆಲ್ಲ ಕತ್ತರಿಸಿದಂತೆ ಕಾಣುತ್ತಿತ್ತು. ಅಕ್ಷರದ ಗಾತ್ರವನ್ನು ಒಂದು ಅಂಕ ಇಳಿಸಿ, ನೋಟೊ ಸಾನ್ಸ್ ಕನ್ನಡಕ್ಕೆ ಬದಲಿಸಿದ ಮೇಲೆ ಬಹುಪಾಲು ಸರಿಹೋಯಿತು. ಹೆಚ್ಚು ಸಾಂದ್ರತೆಯ ಹೊಸ ಪರದೆ ಇರುವವರು ಇನ್ನೊಂದು ಮಾತನ್ನು ತಿಳಿದಿರಬೇಕು: ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್‌11ರಲ್ಲಿ, ಗುಂಡಿ, ಮೆನುಗಳನ್ನು ರಚಿಸುವ ಜಿಟಿಕೆ 3 ಪೂರ್ಣಾಂಕದಲ್ಲಷ್ಟೇ (ಎರಡು ಪಟ್ಟು, ಮೂರು ಪಟ್ಟು ಹೀಗೆ) ಹಿಗ್ಗುತ್ತದೆ, ಆದ್ದರಿಂದ ಒಂದೂವರೆ ಪಟ್ಟು ಬೇಕಾದವರು ಅಕ್ಷರದ ಡಿಪಿಐ (ಇಂಚಿಗೆ ಚುಕ್ಕೆಗಳ ಲೆಕ್ಕ) ಏರಿಸಿ ಹೊಂದಿಸಿಕೊಳ್ಳಬೇಕಾಗುತ್ತದೆ.

ಒಲಿವಿಯೆ ಫೂರ್ದಾಂ 1996ರಲ್ಲಿ ಆರಂಭಿಸಿದ ಎಕ್ಸ್‌ಎಫ್‌ಸಿಇ ಯೋಜನೆ ಅವಸರದಲ್ಲಿ ನಡೆಯುವಂಥದ್ದಲ್ಲ. 4.18 ಬಂದದ್ದು 2022ರ ಡಿಸೆಂಬರ್ 15ರಂದು, 4.20 ಬಂದದ್ದು ಸರಿಯಾಗಿ ಎರಡು ವರ್ಷದ ಬಳಿಕ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13ಕ್ಕೆ ಏರಿದಾಗ ಆ ಹೊಸ ಆವೃತ್ತಿ ನನಗೆ ದೊರೆಯಿತು. ಮರುದಿನ ಬೆಳಿಗ್ಗೆ ಪ್ಯಾನೆಲ್, ಕೀಲಿಗಳ ಜೋಡಣೆ, ಗಡಿಯಾರದ ಕನ್ನಡ ಎಲ್ಲವೂ ಇದ್ದಲ್ಲೇ ಇದ್ದವು, ಅರ್ಧಕ್ಕೆ ನಿಲ್ಲಿಸಿದ್ದ ಕರಡನ್ನು ನೇರವಾಗಿ ಮುಂದುವರಿಸಿದೆ. 4.20ರಲ್ಲಿ, ಎಕ್ಸ್‌11ರ ಬದಲಿಗೆ ಬರುತ್ತಿರುವ ವೇಲ್ಯಾಂಡ್‌ಗೆ ಬೆಂಬಲ ಪ್ರಾಯೋಗಿಕವಾಗಿ ಬಂದಿದೆ, ಆದರೆ ಎಕ್ಸ್‌ಎಫ್‌ಸಿಇಯದೇ ಕಿಟಕಿ ನಿರ್ವಾಹಕವಾದ ಎಕ್ಸ್‌ಎಫ್‌ಡಬ್ಲ್ಯುಎಂ4 ಇನ್ನೂ ಎಕ್ಸ್‌11ನ್ನೇ ನಂಬಿಕೊಂಡಿದೆ. ಅದು ವೇಲ್ಯಾಂಡ್‌ಗೆ ಬಂದು, ಅಲ್ಲಿ ಐಬಸ್ ಮೂಲಕ ಒತ್ತಕ್ಷರಗಳು ಈಗಿನಷ್ಟೇ ಸರಾಗವಾಗಿ ಮೂಡುವುದನ್ನು ಕಾಣುವ ತನಕ ನಾನು ಎಕ್ಸ್‌11ರಲ್ಲೇ ಇರುತ್ತೇನೆ.