ಗುಂಡು ತಲೆಗೊಂದು ರೋಡ್ ಹೆಲ್ಮೆಟ್: ನಾಲ್ಕು ವರ್ಷದ ಬಳಕೆಯ ನಂತರ

ನನ್ನ ಸೈಕಲ್ ಹೆಲ್ಮೆಟ್ಟಿನ ಹಣೆಯ ಪ್ಯಾಡ್ ಮೇಲೆ ಒಂದು ಕೆಂಪು ಕಲೆ ಇದೆ. ಕುಂಕುಮದ್ದು. ನಾಲ್ಕು ವರ್ಷದಿಂದ ತೊಳೆಯುತ್ತಿದ್ದೇನೆ, ಹೋಗಿಲ್ಲ. ಪ್ಯಾಡ್ ಬದಲಾಯಿಸಿದರೂ ಹೊಸದರಲ್ಲಿ ಅದೇ ಜಾಗಕ್ಕೆ ಮತ್ತೆ ಬಂತು. ಅಂದರೆ ಹೆಲ್ಮೆಟ್ ದಿನವೂ ತಲೆಯ ಮೇಲೆ ಅದೇ ಜಾಗದಲ್ಲಿ ಕೂರುತ್ತಿದೆ, ಅತ್ತಿತ್ತ ಸರಿಯುತ್ತಿಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಬೇಡ.

ಇದಕ್ಕೂ ಮೊದಲು ಇನ್ನೊಂದು ಹೆಲ್ಮೆಟ್ ಇತ್ತು. ಅದರ ಕಥೆ ಹೇಳದೆ ಇದನ್ನು ಹೊಗಳಿದರೆ ಅರ್ಥವಾಗುವುದಿಲ್ಲ. 2020ರ ಕೊನೆಯಲ್ಲಿ ರೋಡ್ ಬೈಕ್ (ಬಾಗಿದ ಹಿಡಿಯ, ರೇಸ್ ಥರದ ಸೈಕಲ್) ತಗೊಂಡಾಗ ಆನ್‌ಲೈನಿನಲ್ಲಿ ತರಿಸಿದ್ದು. ಬ್ಲೌಸ್ ಅಳತೆಯ ಟೇಪು ತಗೊಂಡು, ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ತಲೆಯ ಸುತ್ತ ಅಳೆದೆ. 56 ಸೆಂ.ಮೀ. ಬಂತು. ಕಂಪನಿಯ ಪಟ್ಟಿಯಲ್ಲಿ 55ರಿಂದ 59 ಅಂದರೆ ಮೀಡಿಯಂ. ಸುಲಭ ಅಲ್ವಾ? 4,800 ರೂಪಾಯಿ ಕೊಟ್ಟೆ. ಬಂದ ದಿನ ಕನ್ನಡಿ ಮುಂದೆ ಐದು ನಿಮಿಷ ಹಾಕಿ ನೋಡಿದೆ. ಚೆನ್ನಾಗೇ ಇತ್ತು.

ಐದು ನಿಮಿಷ ಎಲ್ಲ ಹೆಲ್ಮೆಟ್ಟೂ ಚೆನ್ನಾಗೇ ಇರುತ್ತವೆ. ನಾನು ಇರುವುದು ಮೈಸೂರಿನಲ್ಲಿ. ಬೆಳಗ್ಗೆ ಐದೂಮುಕ್ಕಾಲಿಗೆ ಲಲಿತಮಹಲ್ ಕಡೆಯಿಂದ ಚಾಮುಂಡಿ ಬೆಟ್ಟ ಹತ್ತುವುದು ರೂಢಿ. ಅರ್ಧ ಬೆಟ್ಟಕ್ಕೆ ಬರುವಷ್ಟರಲ್ಲಿ ಎರಡೂ ಕಿವಿಯ ಮೇಲೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ ಆಗುತ್ತಿತ್ತು. ಮಹಿಷಾಸುರನ ಮುಂದೆ ಸೈಕಲ್ ನಿಲ್ಲಿಸುವ ಹೊತ್ತಿಗೆ ತಲೆನೋವು. ನೀರು ಸಾಲದು ಅಂದುಕೊಂಡೆ. ಕಾಫಿ ಕುಡಿಯದೆ ಹೋಗುತ್ತೀಯಲ್ಲ, ಅದಕ್ಕೇ ಅಂದರು ನಮ್ಮ ಮನೆಯವರು. ಕಾಫಿ ಕುಡಿದು ಹೋದೆ, ತಲೆನೋವೂ ಬಂತು. ಹೀಗೇ ಎಂಟು ತಿಂಗಳು ಕಳೆದೆ. ದಡ್ಡತನ ನೋಡಿ.

ಕೊನೆಗೆ ಗುಟ್ಟು ಗೊತ್ತಾಗಿದ್ದು ಜೊತೆಗೆ ಬರುವ ಹುಡುಗಿಯಿಂದ. ಒಂದು ದಿನ ಸುಮ್ನೆ ನನ್ನದನ್ನು ತಲೆಗಿಟ್ಟುಕೊಂಡಳು. ‘ಅಕ್ಕ, ಇದು ನನ್ನದಕ್ಕಿಂತ ಚೆನ್ನಾಗಿ ಕೂರುತ್ತೆ. ಕೊಡ್ತೀರಾ?’ ಅಂದಳು. ಅವಳ ತಲೆಯ ಸುತ್ತಳತೆಯೂ 56. ಆದರೆ ಅವಳದು ಮುಂದಿನಿಂದ ಹಿಂದಕ್ಕೆ ಉದ್ದ, ಮೊಟ್ಟೆಯ ಹಾಗೆ. ನನ್ನದು ಗುಂಡಗೆ, ಚೆಂಡಿನ ಹಾಗೆ. ಒಂದೇ ಉದ್ದದ ದಾರವನ್ನು ದುಂಡಗೂ ಸುತ್ತಬಹುದು, ಮೊಟ್ಟೆಯಾಕಾರಕ್ಕೂ ಸುತ್ತಬಹುದು. ಟೇಪು ದಾರದ ಉದ್ದ ಮಾತ್ರ ಹೇಳುತ್ತದೆ. ಯುರೋಪು, ಅಮೆರಿಕದ ಅಚ್ಚುಗಳಲ್ಲಿ ಉದ್ದ ತಲೆಗೆ ಹೊಂದುವವು ಜಾಸ್ತಿ. ಅದಕ್ಕೇ ಕೆಲವು ಕಂಪನಿಗಳು ಪಕ್ಕದಲ್ಲಿ ಅಗಲ ಇರುವ ‘ಏಷ್ಯನ್ ಫಿಟ್’ ಅಂತ ಬೇರೆಯೇ ಮಾಡುತ್ತವೆ. ಹೆಲ್ಮೆಟ್ ಅವಳಿಗೆ ಅರ್ಧ ಬೆಲೆಗೆ ಹೋಯಿತು. (ಬಳಸಿದ ಹೆಲ್ಮೆಟ್ ಗುರುತಿಲ್ಲದವರಿಂದ ಯಾವತ್ತೂ ಕೊಳ್ಳಬೇಡಿ. ನನ್ನದು ಒಮ್ಮೆಯೂ ಬಿದ್ದಿಲ್ಲ ಅಂತ ಅವಳಿಗೆ ಗೊತ್ತಿತ್ತು.)

ಎರಡನೆಯದನ್ನು 2021ರಲ್ಲಿ ಅಂಗಡಿಗೇ ಹೋಗಿ ತಗೊಂಡೆ. 3,200 ರೂಪಾಯಿ, 270 ಗ್ರಾಂ. ಬ್ರ್ಯಾಂಡ್ ಹೇಳುವುದಿಲ್ಲ. ಹೇಳಿದರೆ ನೀವು ಅದನ್ನೇ ತರಿಸುತ್ತೀರಿ, ನಿಮ್ಮ ತಲೆ ಉದ್ದ ಇದ್ದರೆ ಹಣೆ ಒತ್ತಿಸಿಕೊಂಡು ನನ್ನನ್ನು ಬೈಯುತ್ತೀರಿ. ಬದಲಿಗೆ ಅಂಗಡಿಯಲ್ಲಿ ಏನು ಮಾಡಿದೆ ಅಂತ ಹೇಳುತ್ತೇನೆ.

ಹೆಲ್ಮೆಟ್ಟಿನ ಹಿಂದೆ ಬಿಗಿ, ಸಡಿಲ ಮಾಡಲು ತಿರುಗಿಸುವ ಡಯಲ್ ಇರುತ್ತದೆ, ಅದನ್ನು ಪೂರ್ತಿ ಸಡಿಲ ಮಾಡಿದೆ. ಗದ್ದದ ಪಟ್ಟಿ ಹಾಕಲಿಲ್ಲ. ಹೆಲ್ಮೆಟ್ ಇಟ್ಟುಕೊಂಡು ತಲೆ ಬಗ್ಗಿಸಿ ಮೆಲ್ಲಗೆ ಅಲ್ಲಾಡಿಸಿದೆ. ಡಯಲ್ ಬಿಗಿ ಮಾಡದೆಯೂ ಹೆಚ್ಚುಕಡಿಮೆ ನಿಂತರೆ ಆಕಾರ ಸರಿ ಇದೆ ಅಂತ ಅರ್ಥ. ಡಯಲ್ ಕೆಲಸ ಕೊನೆಯ ಸ್ವಲ್ಪ ಬಿಗಿ ಕೊಡುವುದು ಅಷ್ಟೇ. ಆಕಾರದ ತಪ್ಪನ್ನು ಅದು ಮುಚ್ಚಲಾರದು. ಆಮೇಲೆ ಬೆರಳು ತೂರಿಸಿ ನೋಡಿದೆ. ಪಕ್ಕದಲ್ಲಿ ಒತ್ತಿ, ಹಣೆಯ ಹತ್ತಿರ ಮತ್ತು ಹಿಂದೆ ಸಂದು ಇದ್ದರೆ ಹೆಲ್ಮೆಟ್ ನಿಮ್ಮ ತಲೆಗಿಂತ ಉದ್ದ. ಹಣೆ ಒತ್ತಿ ಪಕ್ಕ ಖಾಲಿ ಇದ್ದರೆ ನಿಮ್ಮ ತಲೆಯೇ ಅದಕ್ಕಿಂತ ಉದ್ದ. ಮೂರು ಹೆಲ್ಮೆಟ್ ಹೀಗೇ ಹೋದವು. ನಾಲ್ಕನೆಯದನ್ನು ಹಾಕಿಕೊಂಡು ಅಂಗಡಿಯಲ್ಲೇ ಇಪ್ಪತ್ತು ನಿಮಿಷ ಓಡಾಡಿದೆ, ಟ್ಯೂಬು, ಗ್ಲೌಸು ನೋಡುವ ನೆಪದಲ್ಲಿ. ತೆಗೆದಾಗ ಹಣೆಯ ಮೇಲೆ ಸುತ್ತಲೂ ಒಂದೇ ಸಮನಾದ ತೆಳು ಗುರುತು. ಒಂದೇ ಕಡೆ ಕೆಂಪಾಗಿದ್ದರೆ ಬಿಟ್ಟು ಬರುತ್ತಿದ್ದೆ.

ನಿಂತು ನೋಡಿದರೆ ಸಾಲದು. ರೋಡ್ ಬೈಕಿನಲ್ಲಿ ಬೆನ್ನು ಬಗ್ಗಿಸಿ, ಕತ್ತು ಎತ್ತಿ ಮುಂದೆ ನೋಡಬೇಕು. ರೋಡ್ ಹೆಲ್ಮೆಟ್ಟಿಗೆ ಮುಂದೆ ಟೋಪಿಯಂಥ ಅಂಚು ಇರದಿರುವುದಕ್ಕೂ ಅದೇ ಕಾರಣ. ಇದ್ದರೆ ದಾರಿಯೇ ಕಾಣುವುದಿಲ್ಲ. ಅಂಗಡಿಯ ಹುಡುಗ ಒಂದು ಸೈಕಲ್ ಹಿಡಿದುಕೊಂಡ, ನಾನು ಹತ್ತಿ ಕೆಳಗಿನ ಹಿಡಿ ಹಿಡಿದು ಕತ್ತೆತ್ತಿದೆ. ಹಿಂಭಾಗ ಕತ್ತಿಗೆ ತಾಗಲಿಲ್ಲ, ಮುಂಭಾಗ ಕಣ್ಣಿಗೆ ಇಳಿಯಲಿಲ್ಲ. ಕನ್ನಡಕದ ಕಡ್ಡಿಯೂ ಡಯಲಿನ ಪಟ್ಟಿಗೆ ತಾಗಲಿಲ್ಲ. ಉದ್ದ ಕೂದಲಿನವರಿಗೆ ಇನ್ನೊಂದು ಮಾತು. ನಿಮ್ಮ ಜಡೆ ಹಾಕಿಕೊಂಡೇ ಹೋಗಿ ನೋಡಿ. ಜಡೆ ಶುರುವಾಗುವುದೂ ಡಯಲ್ ಕೂರುವುದೂ ಹೆಚ್ಚುಕಡಿಮೆ ಒಂದೇ ಜಾಗ. ನಾನು ಈಗ ಜಡೆಯನ್ನು ಕತ್ತಿನ ಬುಡದಲ್ಲಿ ಸಡಿಲವಾಗಿ ಹಾಕುತ್ತೇನೆ. ಗಂಟು ಹಾಕಿದರಂತೂ ಕೆಲಸ ಕೆಟ್ಟಿತು.

ಪಟ್ಟಿಗಳ ವಿಷಯ ಎಲ್ಲರಿಗೂ ಗೊತ್ತು. ಕಿವಿಯ ಕೆಳಗೆ ಎರಡೂ ಸೇರಬೇಕು, ಬಕಲ್ ಹಾಕಿ ದೊಡ್ಡದಾಗಿ ಬಾಯಿ ತೆರೆದರೆ ಹೆಲ್ಮೆಟ್ ನೆತ್ತಿಯ ಮೇಲೆ ಸ್ವಲ್ಪ ಕೆಳಕ್ಕೆ ಎಳೆದ ಹಾಗೆ ಆಗಬೇಕು. ದಾರಿಯಲ್ಲಿ ನೋಡಿದರೆ ಅರ್ಧ ಜನ ಪಟ್ಟಿ ಜೋತುಬಿಟ್ಟುಕೊಂಡು, ಹಣೆ ಪೂರ್ತಿ ತೆರೆದುಕೊಂಡು ಹೋಗುತ್ತಿರುತ್ತಾರೆ. ಅದು ಹೆಲ್ಮೆಟ್ ಅಲ್ಲ, ಕಿರೀಟ.

ನಾಲ್ಕು ವರ್ಷದಲ್ಲಿ ಏನು ಕೆಟ್ಟಿತು? ಮೊದಲು ಪ್ಯಾಡ್. ಭಾನುವಾರ ತಲೆಗೆ ಎಣ್ಣೆ ಹಚ್ಚಿ ಸೋಮವಾರ ಬೆಟ್ಟಕ್ಕೆ ಹೋಗುವುದು ನನ್ನ ತಪ್ಪು. ಒಂದೂವರೆ ವರ್ಷಕ್ಕೆ ಪ್ಯಾಡ್ ಜಿಡ್ಡು ಹಿಡಿದು ಅಂಟು ಬಿಟ್ಟಿತು. ಕಂಪನಿಯ ಪ್ಯಾಡ್ ಸಿಗಲಿಲ್ಲ, ಯಾವುದೋ ಸಾಮಾನ್ಯ ಸೆಟ್ ತಂದು ಕತ್ತರಿಸಿ ಅಂಟಿಸಿದೆ. ಇನ್ನೊಂದು, ಬೆವರು. ಬ್ರೆವೆ ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. 200 ಕಿ.ಮೀ. ಬ್ರೆವೆಯಲ್ಲಿ ಹದಿಮೂರೂವರೆ ಗಂಟೆ ಸಮಯ ಕೊಡುತ್ತಾರೆ, ಹೆಲ್ಮೆಟ್ ಕಡ್ಡಾಯ. ಮಧ್ಯಾಹ್ನದ ಹೊತ್ತಿಗೆ ಹಣೆಯ ಪ್ಯಾಡ್ ಒದ್ದೆ ಸ್ಪಂಜಾಗಿ, ಕೈಯಿಂದ ಸ್ವಲ್ಪ ಸರಿಮಾಡಿದರೂ ಉಪ್ಪುನೀರು ನೇರ ಕಣ್ಣಿಗೆ. ಈಗ ಒಳಗೆ ತೆಳು ಬಟ್ಟೆಯ ಪಟ್ಟಿ ಕಟ್ಟುತ್ತೇನೆ. ಮೂರನೇ ವರ್ಷ ಡಯಲಿನ ಕಟಕಟ ಸದ್ದು ಸಡಿಲವಾಯಿತು. ಕೆಟ್ಟ ರಸ್ತೆಯಲ್ಲಿ ತಾನೇ ಒಂದೆರಡು ಹಲ್ಲು ಬಿಚ್ಚಿಕೊಳ್ಳುತ್ತದೆ. ಗಾಳಿಯ ಕಿಂಡಿಗಳಿಗೆ ಜಾಲರಿ ಇಲ್ಲ. ಬೆಟ್ಟ ಇಳಿಯುವಾಗ ಒಮ್ಮೆ ಜೇನುಹುಳ ಒಳಗೆ ಹೊಕ್ಕಿತು. ವ್ಯೂ ಪಾಯಿಂಟ್ ಹತ್ತಿರ ನಿಂತು ನಾನು ಮಾಡಿದ ಕುಣಿತವನ್ನು ನೋಡಿದವರು ಇನ್ನೂ ನೆನೆಸಿಕೊಂಡು ನಗುತ್ತಾರೆ.

ಪ್ರಾಣ ಉಳಿಸಿತು ಅನ್ನುವ ಕಥೆ ನನ್ನ ಹತ್ತಿರ ಇಲ್ಲ. ರಿಂಗ್ ರೋಡಿನಲ್ಲಿ ಮರಳಿನ ಮೇಲೆ ಒಮ್ಮೆ ಜಾರಿದೆ, ಮೊಣಕೈ ತರಚಿತು, ತಲೆ ನೆಲಕ್ಕೆ ತಾಗಲಿಲ್ಲ. ತಾಗಿದ್ದರೆ ಅವತ್ತೇ ಹೆಲ್ಮೆಟ್ ಎಸೆಯಬೇಕಿತ್ತು. ಒಳಗಿರುವುದು ಥರ್ಮೊಕೋಲ್ ಜಾತಿಯದೇ. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗಿ ಪೆಟ್ಟನ್ನು ನುಂಗುತ್ತದೆ, ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಬೆಲೆಯ ಬಗ್ಗೆ ತಲೆ ಕೆಡಿಸಿಕೊಳ್ಳುವವರಿಗೆ: ಇಎನ್ 1078 ಅನ್ನುವ ಯುರೋಪಿನ ಪರೀಕ್ಷೆಯಲ್ಲಿ ಹೆಲ್ಮೆಟ್ಟನ್ನು ಸಮತಟ್ಟು ಕಬ್ಬಿಣದ ಮೇಲೆ ಸುಮಾರು 1.5 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಅಮೆರಿಕದ ಸಿಪಿಎಸ್‌ಸಿ ಪರೀಕ್ಷೆಯಲ್ಲಿ 2 ಮೀಟರ್. ಮೂರು ಸಾವಿರದ್ದಕ್ಕೂ ಇಪ್ಪತ್ತು ಸಾವಿರದ್ದಕ್ಕೂ ಪಾಸಾಗಬೇಕಾದ ಪರೀಕ್ಷೆ ಒಂದೇ. ಜಾಸ್ತಿ ದುಡ್ಡಿಗೆ ಗಾಳಿ ಚೆನ್ನಾಗಿ ಆಡುತ್ತದೆ, ತೂಕ ಇಳಿಯುತ್ತದೆ. ಒಳಗಿನ ಚೀಟಿಯಲ್ಲಿ ಈ ಎರಡು ಪರೀಕ್ಷೆಗಳಲ್ಲಿ ಒಂದರ ಹೆಸರಾದರೂ ಇದೆಯಾ ನೋಡಿಕೊಳ್ಳಿ.

‘ಸೈಕಲ್ಲಿಗೂ ಹೆಲ್ಮೆಟ್ಟಾ?’ ಅಂತ ಪಕ್ಕದ ಮನೆಯ ಅಂಕಲ್ ಇವತ್ತಿಗೂ ಕೇಳುತ್ತಾರೆ. ವೃತ್ತಿಪರ ರೇಸಿನವರಿಗೇ ಅದು ಕಡ್ಡಾಯವಾಗಿದ್ದು 2003ರಲ್ಲಿ, ಕಜಕಸ್ತಾನದ ಆಂದ್ರೇ ಕಿವಿಲೆವ್ ಪ್ಯಾರಿಸ್–ನೀಸ್ ರೇಸಿನಲ್ಲಿ ಬರಿತಲೆಯಲ್ಲಿ ಬಿದ್ದು ತೀರಿಕೊಂಡ ಮೇಲೆ. ಅಂಕಲ್‌ಗೆ ಇದನ್ನೆಲ್ಲ ಹೇಳುವುದಿಲ್ಲ, ನಕ್ಕು ಮುಂದೆ ಹೋಗುತ್ತೇನೆ.

ಮೂರರಿಂದ ಐದು ವರ್ಷಕ್ಕೆ ಬದಲಾಯಿಸಿ ಅಂತ ಸಾಮಾನ್ಯವಾಗಿ ಕಂಪನಿಗಳು ಹೇಳುತ್ತವೆ. ಡಯಲಿನ ಸ್ಥಿತಿ ನೋಡಿದರೆ ನನಗೂ ಹೊಸದು ಬೇಕು. ತಲೆಯನ್ನು ತಿರುಚುವಂಥ ಪೆಟ್ಟು ಬಿದ್ದರೆ ಇರಲಿ ಅಂತ ಒಳಗೊಂದು ಜಾರುವ ಪದರ ಇರುತ್ತಲ್ಲ, ಮಿಪ್ಸ್ ಥರದ್ದು, ಈ ಸಲ ಅದಿರುವುದನ್ನು ತಗೊಳ್ಳುವ ಆಸೆ. ಹಳೆಯ ಮಾಡೆಲ್ ಈಗ ಬರುತ್ತಿಲ್ಲ. ಅದೇ ಕಂಪನಿಯ ಹೊಸದನ್ನು ಹೋದ ಶನಿವಾರ ಹಾಕಿ ನೋಡಿದೆ: ಹೆಸರು ಅದೇ, ಸೈಜ್ ಅದೇ, ಕಿವಿಯ ಮೇಲೆ ಅದೇ ಹೆಬ್ಬೆರಳು. ಮುಂದಿನ ವಾರ ಬೆಂಗಳೂರಿಗೆ ಹೋಗುತ್ತಿದ್ದೇನೆ. ಹೋಲಿಸಿ ನೋಡಲು ಹಳೆಯದನ್ನೂ ಬ್ಯಾಗಿಗೆ ಹಾಕಿಕೊಂಡಿದ್ದೇನೆ.